ಅಂಚಿನ ಸಾಲು

ಹನ್ನೊಂದು ಗಂಟೆಗೆ ಕೈ ಕೆಳಗೆ ಬಿಡಬೇಕು. ಅಷ್ಟೇ. ಇದರಲ್ಲಿ ಮರೆಯುವಂಥದ್ದು ಏನಿದೆ?

ಹಾಗೆಂದುಕೊಳ್ಳುತ್ತಲೇ ಅವಳು ಚಹಾಪುಡಿಯ ಡಬ್ಬವನ್ನು ಕಪಾಟಿನ ಅಂಚಿಗೆ ಎಳೆದಿಟ್ಟಳು. ಪಕ್ಕದ ಸಕ್ಕರೆ ಡಬ್ಬವನ್ನೂ ಎಳೆದಳು. ಉಪ್ಪಿನದನ್ನೂ. ಮೂರೂ ಒಂದೇ ಗೆರೆಗೆ ಬಂದವು. ಉಪ್ಪಿನ ಡಬ್ಬದ ಚೀಟಿ ಸ್ವಲ್ಪ ಓರೆಯಾಗಿತ್ತು, ತಿರುಗಿಸಿದಳು.

"ಇವತ್ತು ಏನೋ ಇದೆ ಅಂದಿದ್ದೆಯಲ್ಲ?" ಅಕ್ಕ ಮೇಜಿನ ಬಳಿ ಕೂತಲ್ಲಿಂದ ಕೇಳಿದಳು. ಕೇಳುವಾಗ ಅವಳ ದೃಷ್ಟಿ ತಂಗಿಯ ಕಿವಿಯ ಮೇಲಿತ್ತು.

"ಏನಿಲ್ಲ. ಹತ್ತು ನಿಮಿಷ ಸುಮ್ಮನೆ ನಿಂತ್ಕೊಳೋದು."

"ಸುಮ್ಮನೆ ನಿಲ್ಲೋಕೂ ಯೂನಿಯನ್ ಬೇಕಾ?"

"ಎಲ್ಲರೂ ಒಟ್ಟಿಗೆ ನಿಲ್ಲೋಕೆ ಬೇಕು."

"ಈ ಮನೇಲಿ ನೀನು ಒಂದು ನಿಮಿಷ ಸುಮ್ಮನೆ ನಿಂತಿದ್ದನ್ನ ನಾನಂತೂ ನೋಡಿಲ್ಲ." ಅಕ್ಕ ನಕ್ಕಳು. "ನಾನು ನೋಡೋದಾದರೂ ಎಷ್ಟು, ಹೋಗಲಿ ಬಿಡು."

ಅಕ್ಕನ ಎರಡೂ ಕಣ್ಣಿನ ನೋಟದ ನಡುವಿನಲ್ಲಿ ಬೂದು ಬಣ್ಣದ ಕಲೆಯೊಂದು ಕೂತಿತ್ತು. ನೇರ ನೋಡಿದರೆ ಎದುರಿಗಿರುವುದು ಮಾಯ. ಪಕ್ಕಕ್ಕೆ ನೋಡಿದರೆ ಅಂಚಿನಲ್ಲಿ ಅಷ್ಟಿಷ್ಟು ಕಾಣುತ್ತಿತ್ತು. ಆದ್ದರಿಂದ ಯಾರದಾದರೂ ಮುಖ ನೋಡಬೇಕೆಂದರೆ ಅವಳು ಅವರ ಕಿವಿ ನೋಡುತ್ತಿದ್ದಳು. ನಾಲ್ಕು ವಾರಕ್ಕೊಮ್ಮೆ, ಮಂಗಳವಾರ, ಆಸ್ಪತ್ರೆಯಲ್ಲಿ ಕಣ್ಣಿಗೆ ಸೂಜಿ ಚುಚ್ಚುತ್ತಾರೆ. ಚುಚ್ಚಿಸಿಕೊಂಡರೆ ಕಲೆ ಇದ್ದಷ್ಟೇ ಇರುತ್ತದೆ. ತಪ್ಪಿದರೆ ಹರಡುತ್ತದೆ. ಕಣ್ಣಿಗೆ ಪಟ್ಟಿ ಕಟ್ಟಿ ಕಳಿಸುವುದರಿಂದ ಜೊತೆಗೆ ಒಬ್ಬರು ಇರಲೇಬೇಕು, ಮತ್ತು ಆ ಒಬ್ಬರು ಅವಳೇ. ಬೇರೆ ಯಾರೂ ಇರಲಿಲ್ಲ.

ಎರಡು ಸಲ ತಪ್ಪಿತ್ತು. ಯಾರು ಯಾವ ದಿನ ಎಷ್ಟು ಹೊತ್ತಿಗೆ ಬರಬೇಕೆಂಬ ಪಟ್ಟಿಯನ್ನು ಅವಳು ಕೆಲಸ ಮಾಡುವ ಅಂಗಡಿಯವರು ಹಿಂದಿನ ಸಂಜೆ ಹಚ್ಚುತ್ತಿದ್ದರು. ಎರಡೂ ಸೋಮವಾರ ಸಂಜೆ ಅವಳು ಪಟ್ಟಿಯ ಮುಂದೆ ನಿಂತು ತನ್ನ ನಂಬರಿನ ಎದುರು ಮರುದಿನ ಬೆಳಗಿನ ಕೆಲಸ ಬರೆದಿದ್ದನ್ನು ಓದಿದ್ದಳು. ಮನೆಗೆ ಬಂದು ಹೇಳಿದಾಗ ಅಕ್ಕ, "ಅಯ್ಯೋ, ಸೂಜಿ ತಪ್ಪಿತಲ್ಲ, ಒಳ್ಳೇದೇ ಆಯ್ತು" ಎಂದಿದ್ದಳು. ಆಗ ತನಗೆ ಅಳು ಬರಬೇಕಿತ್ತು ಎಂದು ಅವಳಿಗೆ ಅನ್ನಿಸಿತ್ತು. ಬಂದಿರಲಿಲ್ಲ. ಒಳಗೆ ಏನೋ ಜೋಮು ಹಿಡಿದ ಕಾಲಿನ ಹಾಗೆ ಇತ್ತು. ಇದೆ ಎಂದು ಗೊತ್ತು, ಊರಿದರೆ ನೆಲ ಸಿಗುವುದಿಲ್ಲ.

ಅಕ್ಕ ಅವಳ ಅಂಗಡಿಯ ಹಸಿರು ಕೋಟನ್ನು ಕೈಯಂದಾಜಿನಲ್ಲೇ ಇಸ್ತ್ರಿ ಮಾಡಿಟ್ಟಿದ್ದಳು. ಬಲಗಡೆಯ ಜೇಬಿನ ಮೇಲೆ ಇಸ್ತ್ರಿಯ ಗೆರೆ ಅಡ್ಡಡ್ಡ ಬಿದ್ದಿತ್ತು. ಅವಳು ಹೇಳಲಿಲ್ಲ. ಹಾಕಿಕೊಂಡು ಹೊರಟಳು.

*

ಅಂಗಡಿಯಲ್ಲಿ ಅವಳನ್ನು ಲೈಬ್ರರಿಯಮ್ಮ ಎಂದು ಕರೆಯುತ್ತಿದ್ದರು. ಹತ್ತೊಂಬತ್ತು ವರ್ಷ ಅವಳು ಒಂದು ಸಾರ್ವಜನಿಕ ಗ್ರಂಥಾಲಯದಲ್ಲಿ ಕೆಲಸ ಮಾಡಿದ್ದಳು. ಅದಕ್ಕೆಂದೇ ಓದಿ ಪದವಿ ತೆಗೆದುಕೊಂಡಿದ್ದಳು. ಗ್ರಂಥಾಲಯ ಮುಚ್ಚಿತು. ಈ ದಿನಸಿ ಅಂಗಡಿಗೆ ಕೆಲಸ ಕೇಳಿಕೊಂಡು ಬಂದಾಗ, "ಸಾಮಾನು ಜೋಡಿಸೋಕೆ ಬರುತ್ತಾ?" ಎಂದು ಕೇಳಿದ್ದರು. "ಬರುತ್ತೆ" ಎಂದಿದ್ದಳು. ಸುಳ್ಳೇನಲ್ಲ. ಪುಸ್ತಕಕ್ಕೆ ಬೆನ್ನು ಮುಂದೆ, ಡಬ್ಬಕ್ಕೆ ಮುಖ ಮುಂದೆ. ಮಿಕ್ಕದ್ದೆಲ್ಲ ಒಂದೇ.

ಅವಳ ಕೆಲಸ ಮುಂದೆಳೆಯುವುದು. ಗಿರಾಕಿ ಕಪಾಟಿನಿಂದ ಒಂದು ಡಬ್ಬ ತೆಗೆದರೆ ಅಲ್ಲೊಂದು ತೂತು ಬೀಳುತ್ತದೆ. ಹಿಂದಿನ ಡಬ್ಬವನ್ನು ಅಂಚಿಗೆ ಎಳೆದು, ಚೀಟಿ ಎದುರಿಗೆ ಬರುವಂತೆ ತಿರುಗಿಸಿ ಆ ತೂತು ಮುಚ್ಚಬೇಕು. "ಗಿರಾಕಿಗೆ ತೂತು ಕಾಣಬಾರದು" ಎಂಬುದು ಮ್ಯಾನೇಜರನ ಮಾತು. ಕಪಾಟುಗಳ ಒಂಬತ್ತು ಲೈನು. ಒಂದು ತುದಿಯಿಂದ ಎಳೆಯುತ್ತಾ ಇನ್ನೊಂದು ತುದಿ ಮುಟ್ಟುವ ಹೊತ್ತಿಗೆ ಮೊದಲ ತುದಿಯಲ್ಲಿ ಮತ್ತೆ ತೂತು ಬಿದ್ದಿರುತ್ತದೆ. ಯೂನಿಯನ್ ಜೊತೆ ಒಪ್ಪಂದದ ಮಾತುಕತೆ ಶುರುವಾದ ಮೇಲೆ ಕಂಪನಿ ಸರಕು ಕಳಿಸುವುದನ್ನು ಕಡಿಮೆ ಮಾಡಿತ್ತು. ಈಗ ಎಷ್ಟೋ ಕಡೆ ಅಂಚಿನಲ್ಲಿ ಒಂದೇ ಸಾಲು. ಎದುರಿನಿಂದ ನೋಡಿದರೆ ಕಪಾಟು ತುಂಬಿ ತುಳುಕುತ್ತಿತ್ತು. ಒಂದು ಡಬ್ಬ ಎತ್ತಿದರೆ ಹಿಂದೆ ಮೊಣಕೈವರೆಗೆ ಕತ್ತಲೆ.

ಆರು ವಾರದ ಮಾತುಕತೆಯಲ್ಲಿ ಎರಡು ಷರತ್ತು ಬಿಟ್ಟು ಮಿಕ್ಕದ್ದೆಲ್ಲ ಮುಗಿದಿತ್ತು. ಕೆಲಸದ ಪಟ್ಟಿ ಎರಡು ವಾರ ಮುಂಚೆ ಗೊತ್ತಾಗಬೇಕು ಎಂಬುದು ಒಂದು. ಕೌಂಟರಿನಲ್ಲಿ ಬಿಲ್ ಮಾಡುವವರಿಗೆ ಕೂರಲು ಕುರ್ಚಿ ಕೊಡಬೇಕು ಎಂಬುದು ಇನ್ನೊಂದು. ಕಂಪನಿಯವರು ಈ ಎರಡಕ್ಕೆ ಬಂದಾಗಲೆಲ್ಲ ನಗುತ್ತಿದ್ದರಂತೆ.

ಸೋಮವಾರ ನೆಲಮಾಳಿಗೆಯ ಬಟ್ಟೆ ಬದಲಿಸುವ ಕೋಣೆಯಲ್ಲಿ ಸ್ವೆಟರಣ್ಣ ಎಲ್ಲರಿಗೂ ಇದನ್ನು ವಿವರಿಸಿದ್ದ. ಸ್ವೆಟರಣ್ಣ ಯೂನಿಯನ್ ಕಾರ್ಯದರ್ಶಿ. ಕೆಲಸ ತಣ್ಣನೆಯ ಗೋದಾಮಿನಲ್ಲಿ. ಬಿರುಬಿಸಿಲಿನ ದಿನವೂ ಎರಡು ಸ್ವೆಟರ್ ಹಾಕಿಕೊಂಡು ಓಡಾಡುವುದರಿಂದ ಆ ಹೆಸರು. ದಿನಾ ಬೆಳಗ್ಗೆ ಎಲ್ಲರ ಊಟದ ಡಬ್ಬಿಗಳನ್ನು ಅವನೇ ಒಯ್ದು ಗೋದಾಮಿನ ಹಿಂದಿನ ಬಿಸಿಯಾದ ಮೋಟಾರಿನ ಮೇಲೆ ಸಾಲಾಗಿ ಇಡುತ್ತಿದ್ದ, ಮಧ್ಯಾಹ್ನದ ಹೊತ್ತಿಗೆ ಬೆಚ್ಚಗಾಗಲಿ ಎಂದು. ಅದನ್ನು ಮಾಡೆಂದು ಅವನಿಗೆ ಯಾರೂ ಹೇಳಿರಲಿಲ್ಲ.

"ಅವರು ಕೇಳೋದು ಒಂದೇ ಮಾತು," ಎಂದಿದ್ದ. "ನಾಲ್ಕು ಜನ ಮುಂದೆ ಬಂದು ಕೂತಿದೀರಿ, ಸರಿ. ನಿಮ್ಮ ಹಿಂದೆ ಯಾರಿದಾರೆ? ಇದನ್ನ ಎಲ್ಲರೂ ಕೇಳ್ತಿದಾರೆ ಅಂತ ನಮಗೆ ಅನ್ಸಲ್ಲ, ಅಂತಾರೆ. ತೋರಿಸೋಣ."

"ಕೂಗೋದಾ?" ಬ್ರೆಡ್ ವಿಭಾಗದವನು ಕೇಳಿದ್ದ.

"ಕೂಗಬೇಡ ಮಾರಾಯ. ನಿನ್ನ ಗಂಟಲು ಕೇಳಿದರೆ ಗಿರಾಕಿಗಳು ಓಡಿಹೋಗ್ತಾರೆ. ಸುಮ್ಮನೆ ನಿಂತ್ಕೊಳೋದು. ಗುರುವಾರ ಹನ್ನೊಂದಕ್ಕೆ ಕೈ ಕೆಳಗೆ. ಹತ್ತು ನಿಮಿಷ. ನಲವತ್ತಮೂರು ಜನ. ಮಾತುಕತೆ ಕೋಣೆಗೆ ಗಾಜಿನ ಗೋಡೆ ಇದೆಯಲ್ಲ, ಪರದೆ ಸರಿಸಿ ನೋಡ್ರಿ ಅಂತೀನಿ. ಅಷ್ಟೇ. ಒಂದು ಕೈನೂ ಆಡಬಾರದು."

ಎಲ್ಲರೂ ಒಪ್ಪಿದರು. ಅವಳೂ ಕೈ ಎತ್ತಿದಳು. ಎತ್ತಿದ ಕೈಯನ್ನು ನೋಡಿದಾಗ ಅದು ಪಕ್ಕದವಳದ್ದೋ ಏನೋ ಎಂಬಂತೆ ಕಂಡಿತು.

*

ಹತ್ತೂ ಮುಕ್ಕಾಲಿಗೆ ಅವಳು ಐದನೇ ಲೈನಿನಲ್ಲಿದ್ದಳು. ಬಟಾಣಿ ಡಬ್ಬಗಳ ಎದುರು. ಮೇಲೆ ಗಾಜಿನ ಗೋಡೆ, ಅದರ ಹಿಂದೆ ಎಳೆದ ಪರದೆ.

ಲೈನಿನ ಬಾಯಿಯಲ್ಲಿ ಒಂದನೇ ಕೌಂಟರು. ಅಲ್ಲಿ ಬಿಲ್ ಮಾಡುವ ಹೆಂಗಸನ್ನು ಎಲ್ಲರೂ ಒಂದನೇ ನಂಬರ್ ಎನ್ನುತ್ತಿದ್ದರು. ಎಂಟು ಗಂಟೆ ನಿಂತು ನಿಂತು ಅವಳ ಕಾಲುಗಳು ಸಂಜೆಗೆ ಬಾತುಕೊಳ್ಳುತ್ತಿದ್ದವು. ಮನೆಗೆ ಹೋಗುವಾಗ ಚಪ್ಪಲಿಯನ್ನು ಚೀಲದಲ್ಲಿ ಹಾಕಿಕೊಂಡು ಒಂದು ಸೈಜು ದೊಡ್ಡದನ್ನು ಮೆಟ್ಟಿಕೊಂಡು ಹೋಗುತ್ತಿದ್ದಳು. ಕೌಂಟರಿನ ಕೆಳಗೆ ಹಾಲಿನ ಖಾಲಿ ಕ್ರೇಟೊಂದನ್ನು ಬೋರಲು ಹಾಕಿಟ್ಟಿದ್ದಳು. ಗಿರಾಕಿ ಇಲ್ಲದಾಗ ಅದರ ಮೇಲೆ ಒಂದು ಕಾಲು ಇಡುತ್ತಿದ್ದಳು. ಲೈಬ್ರರಿಯಮ್ಮ ಆ ಕಡೆ ಬಂದರೆ ಕ್ರೇಟನ್ನು ಕಾಲಿನಿಂದಲೇ ಹೊರಗೆ ತಳ್ಳುತ್ತಿದ್ದಳು. "ಎರಡು ನಿಮಿಷ ಕೂತ್ಕೊಳಿ. ಯಾರಾದರೂ ಬಂದರೆ ಕೆಮ್ಮುತೀನಿ."

ಈಗ ಒಂದನೇ ನಂಬರ್ ಅಲ್ಲಿಂದಲೇ ಕಣ್ಣು ಹೊಡೆದಳು.

ಕೈ ಬಿಡುವ ಹೊತ್ತಾಯಿತು ಎಂಬುದಕ್ಕೆ ಗುರುತು ಏನೆಂದರೆ, ಒಂದನೇ ಕೌಂಟರಿನ ಮೇಲಿನ ನಂಬರಿನ ದೀಪ ಆರುತ್ತದೆ.

ಆರಿತು.

ಅಂಗಡಿಯಲ್ಲಿ ಇಷ್ಟು ಸದ್ದು ಇತ್ತೆಂದು ಅದು ನಿಂತಾಗಲೇ ಗೊತ್ತಾಯಿತು. ಬಿಲ್ ಯಂತ್ರಗಳ ಪೀಂ ಪೀಂ ನಿಂತಿತು. ತಳ್ಳುಗಾಡಿಯ ಗಡಗಡ ನಿಂತಿತು. ಬ್ರೆಡ್ ಕೊಯ್ಯುವ ಯಂತ್ರ ನಿಂತಿತು. ಉಳಿದದ್ದು ತಣ್ಣನೆಯ ಪೆಟ್ಟಿಗೆಗಳ ಗುಂಯ್. ದೂರದಲ್ಲಿ ಒಂದನೇ ನಂಬರ್, "ಹತ್ತು ನಿಮಿಷ ಕಾಯ್ತೀರಾ? ನಿಮಗೆ ತೊಂದರೆ ಆಯ್ತು" ಎಂದು ಗಿರಾಕಿಗೆ ಹೇಳುವುದು ಕೇಳಿಸಿತು. ಅವಳ ದನಿಯಲ್ಲಿ ನಿಜವಾಗಿಯೂ ಬೇಸರವಿತ್ತು.

ಕೈ ಕೆಳಗೆ ಬಿಟ್ಟಿದ್ದೇನೆ, ಎಂದು ಲೈಬ್ರರಿಯಮ್ಮ ಅಂದುಕೊಂಡಳು. ಇಷ್ಟೇ. ಎಷ್ಟು ಸುಲಭ.

ಪರದೆ ಸರಿಯಿತು. ಗಾಜಿನ ಹಿಂದೆ ಜನ ಬಂದು ನಿಂತರು. ಅವಳು ಅತ್ತ ನೋಡಲಿಲ್ಲ. ಗ್ರಂಥಾಲಯದ ಕೊನೆಯ ದಿನ ನೆನಪಾಯಿತು. ಹನ್ನೆರಡಕ್ಕೆ ಲಾರಿ ಬರುವುದಿತ್ತು, ಪುಸ್ತಕಗಳನ್ನು ಮೂಟೆ ಕಟ್ಟಿ ಒಯ್ಯಲು. ಹನ್ನೊಂದೂವರೆಯವರೆಗೆ ಅವಳು ಕಪಾಟಿನ ಪುಸ್ತಕಗಳನ್ನು ಅಂಚಿಗೆ ಎಳೆದು ಗೆರೆ ಸರಿ ಮಾಡುತ್ತಿದ್ದಳು. ಲಾರಿಯವನು ಬಂದು ಬಾಗಿಲಲ್ಲಿ ನಿಂತು ನೋಡಿದ. ಅವಳು ಆ ಸಾಲು ಮುಗಿಸುವವರೆಗೆ ಕಾದ. ಟೋಪಿ ಕೈಯಲ್ಲಿ ಹಿಡಿದುಕೊಂಡು ಕಾದ. ಅದು ಕರುಣೆಯೋ, ಸುಸ್ತೋ, ಇವತ್ತಿಗೂ ಅವಳಿಗೆ ತಿಳಿಯದು.

"ನೀವು ಅವರ ಜೊತೆ ಇಲ್ವಾ?"

ಪಕ್ಕದಲ್ಲಿ ಒಬ್ಬ ಮುದುಕ ಗಿರಾಕಿ ನಿಂತಿದ್ದ. ಅವನ ಬುಟ್ಟಿಯಲ್ಲಿ ಒಂದು ಬಟಾಣಿ ಡಬ್ಬವಿತ್ತು.

"ಇದೀನಿ," ಎಂದಳು.

ಮುದುಕ ಅವಳ ಕೈ ನೋಡಿದ. ಅವಳೂ ನೋಡಿದಳು. ಕೈಯಲ್ಲಿ ಡಬ್ಬವಿತ್ತು. ಮುದುಕ ತೆಗೆದ ಡಬ್ಬದ ತೂತು ಮುಚ್ಚಿತ್ತು. ಅದರ ಕೆಳಗಿನ ಸಾಲೂ ಸರಿಯಾಗಿತ್ತು. ಅದರ ಕೆಳಗಿನದೂ. ಮೂರು ಹಲಗೆಗಳ ಉದ್ದಕ್ಕೂ ಡಬ್ಬಗಳು ದಾರ ಹಿಡಿದು ಇಟ್ಟಂತೆ ಅಂಚಿಗೆ ಬಂದು ನಿಂತಿದ್ದವು.

ತಲೆ ಎತ್ತಿದಳು. ಗಾಜಿನ ಹಿಂದೆ ಕಂಪನಿಯವರ ಪೈಕಿ ಒಬ್ಬ ಬೆರಳು ತೋರಿಸುತ್ತಿದ್ದ. ಬೆರಳು ಗಾಜಿಗೆ ತಾಗಿತ್ತು. ಪಕ್ಕದಲ್ಲಿ ಮ್ಯಾನೇಜರ್. ಅವನ ಪಕ್ಕ ಸ್ವೆಟರಣ್ಣ. ಅಷ್ಟು ದೂರದಿಂದ ಮುಖ ಸರಿಯಾಗಿ ಕಾಣಲಿಲ್ಲ, ಎರಡು ಸ್ವೆಟರ್ ಕಂಡವು.

ಕೈಯಲ್ಲಿದ್ದ ಡಬ್ಬವನ್ನು ಇಟ್ಟುಬಿಟ್ಟಳು. ಇಟ್ಟಮೇಲೆ ಗೊತ್ತಾಯಿತು, ಚೀಟಿ ಎದುರಿಗೆ ತಿರುಗಿಸಿಯೇ ಇಟ್ಟಿದ್ದಳು.

*

"ಅವರು ಒಂದೇ ಪ್ರಶ್ನೆ ಕೇಳಿದರು," ಮಧ್ಯಾಹ್ನ ನೆಲಮಾಳಿಗೆಯಲ್ಲಿ ಸ್ವೆಟರಣ್ಣ ಹೇಳಿದ. "ಆಕೆ ಯಾರು, ಅಂತ."

ಅವನು ಅವಳ ಊಟದ ಡಬ್ಬಿಯನ್ನು ತಂದು ಅವಳ ಮುಂದಿಟ್ಟ. ಬೆಚ್ಚಗಿತ್ತು.

"ನೀವೇನಂದ್ರಿ?"

"ರಜೆ ಮುಗಿಸಿ ಇವತ್ತೇ ಬಂದಿದಾರೆ, ವಿಷಯ ಗೊತ್ತಿರಲಿಲ್ಲ ಅಂದೆ."

"ನಾನು ಕಳೆದ ತಿಂಗಳಿಂದ ರಜೆ ತಗೊಂಡಿಲ್ಲ."

"ಅದು ಮ್ಯಾನೇಜರಿಗೂ ಗೊತ್ತು. ಅವನು ಬಾಯಿ ಬಿಡಲಿಲ್ಲ. ನಗ್ತಾ ಇದ್ದ." ಸ್ವೆಟರಣ್ಣ ಬೆಂಚಿನ ಮೇಲೆ ಕೂತ. "ಅವರ ಕಡೆಯವನು ಕಾಗದದ ಮೇಲೆ ಬರ್ಕೊಂಡ. ಎಲ್ಲರೂ ಅಲ್ಲ. ಅಷ್ಟೇ ಬರ್ಕೊಂಡ."

ಬೈಯಲಿ ಎಂದು ಅವಳು ಕಾದಳು. ಬೈದರೆ ಎಲ್ಲಾದರೂ ಚುರುಕ್ಕೆನ್ನಬಹುದಿತ್ತು.

"ಲೈಬ್ರರಿಯಮ್ಮನ ಕೈಗೇ ಬೇರೆ ಹಾಜರಿ ಪುಸ್ತಕ ಇಡಬೇಕು," ಎಂದ ಬ್ರೆಡ್ ವಿಭಾಗದವನು. "ಅವರು ಮನೆಗೆ ಹೋದರೂ ಕೈ ಇಲ್ಲೇ ಇರುತ್ತೆ."

ಎಲ್ಲರೂ ನಕ್ಕರು. ಅವಳನ್ನು ಉಳಿಸಲೆಂದೇ ಸ್ವಲ್ಪ ಹೆಚ್ಚಾಗಿ ನಕ್ಕರು.

"ನನಗೆ ಗೊತ್ತೇ ಆಗಲಿಲ್ಲ," ಎಂದಳು.

"ನಿಮಗೊಬ್ಬರಿಗೇನಾ? ನಾನು ನಿದ್ದೇಲಿ ಗಂಡನ ಬೆನ್ನಿಗೆ ಯಂತ್ರ ಹಿಡೀತೀನಂತೆ, ಬಿಲ್ ಮಾಡೋಕೆ," ಎಂದಳು ಒಂದನೇ ನಂಬರ್. "ಒಂದು ಸಲನೂ ಪೀಂ ಅಂದಿಲ್ಲ ಆ ಮನುಷ್ಯ."

ಸ್ವೆಟರಣ್ಣ ನಗಲಿಲ್ಲ. "ಐದು ಗಂಟೆಗೆ ಅವರು ಹೊರಡ್ತಾರೆ. ಹೊರಡೋ ಮುಂಚೆ ಇನ್ನೊಂದು ಸಲ ತೋರಿಸ್ತೀವಿ ಅಂದೆ. ತೋರಿಸಿ ಅಂದರು. ಆಗಲೂ ಎಲ್ಲರೂ ಅಲ್ಲ ಅಂತಾದರೆ ಕುರ್ಚಿನೂ ಇಲ್ಲ, ಪಟ್ಟಿನೂ ಇಲ್ಲ. ಮೂರು ವರ್ಷ ಮತ್ತೆ ಕೇಳೋ ಹಾಗಿಲ್ಲ." ಅವನು ಅವಳ ಕಡೆ ನೋಡದೆ ಹೇಳಿದ: "ಅಮ್ಮಾ, ನೀವು ಬೇಕಾದರೆ ಆ ಹೊತ್ತಿಗೆ ಕೆಳಗೆ ಇಲ್ಲೇ ಬಂದು ಕೂತಿರಬಹುದು."

"ಇಲ್ಲೇಕೆ ಕೂತ್ಕೋಬೇಕು?" ಎಂದಳು ಒಂದನೇ ನಂಬರ್. "ಆಮೇಲೆ ಎಣಿಸಿ ನಲವತ್ತೆರಡೇ ಇದೆ ಅಂತಾರೆ. ನನ್ನ ಪಕ್ಕ ಬಂದು ನಿಂತ್ಕೊಳಿ. ನಾನು ಕೈ ಹಿಡ್ಕೊಂಡಿರ್ತೀನಿ. ಅದು ಹೇಗೆ ಆಡುತ್ತೋ ನೋಡ್ತೀನಿ."

*

ಮೂರು ಗಂಟೆಗೆ ಮ್ಯಾನೇಜರ್ ಐದನೇ ಲೈನಿಗೆ ಬಂದ. ಅವಳ ಪಕ್ಕ ನಿಂತು ಬಟಾಣಿ ಡಬ್ಬಗಳನ್ನು ಮೆಚ್ಚುಗೆಯಿಂದ ನೋಡಿದ.

"ಓದಿದವರ ಕೈ ಅಂದರೆ ಬೇರೆ," ಎಂದ.

ಅವಳು ಇನ್ನೊಂದು ಡಬ್ಬವನ್ನು ಅಂಚಿಗೆ ಎಳೆದಳು.

"ನಾನು ಅವರಿಗೆ ಹೇಳ್ತಾನೇ ಇದ್ದೆ, ಎಲ್ಲರೂ ಹಾಗಿಲ್ಲ, ತಿಳಿದವರೂ ಇದಾರೆ ಅಂತ. ನೀವು ನನ್ನ ಮರ್ಯಾದೆ ಉಳಿಸಿದ್ರಿ."

"ನಾನು ಬೇಕು ಅಂತ ಮಾಡಿದ್ದಲ್ಲ ಸಾರ್."

"ಬೇಕು ಅಂತ ಮಾಡೋದಕ್ಕಿಂತ ಅದು ದೊಡ್ಡದು." ಅವನು ಜೇಬಿನಿಂದ ಒಂದು ಚೀಟಿ ತೆಗೆದ. "ನಿಮ್ಮ ಅಕ್ಕನವರಿಗೆ ಕಣ್ಣು ಸರಿಯಿಲ್ಲ ಅಲ್ವಾ? ಮಂಗಳವಾರ ಆಸ್ಪತ್ರೆ."

ಅದು ಅವನಿಗೆ ಗೊತ್ತಿದೆ ಎಂಬುದು ಅವಳಿಗೆ ಗೊತ್ತಿರಲಿಲ್ಲ. ಎರಡು ಸಲ ರಜೆ ಕೇಳಿದಾಗಲೂ ಅವನು ಕಾಗದದಿಂದ ತಲೆ ಎತ್ತಿರಲಿಲ್ಲ.

ಚೀಟಿಯಲ್ಲಿ ಅವಳ ಹಾಜರಿ ನಂಬರ್ ಇತ್ತು. ಕೆಳಗೆ ಬರುವ ವಾರದಿಂದ ವರ್ಷದ ಕೊನೆಯವರೆಗಿನ ಮಂಗಳವಾರಗಳು. ಒಂದೊಂದರ ಎದುರಿಗೂ ರಜೆ, ರಜೆ, ರಜೆ. ಮ್ಯಾನೇಜರನ ಅಕ್ಷರ ದುಂಡಗಿತ್ತು.

"ಐದಕ್ಕೆ ಮತ್ತೇನೋ ಆಟ ಇದೆಯಂತೆ," ಎಂದ. "ನೀವು ಏನೂ ಮಾಡಬೇಡಿ. ನಿಮ್ಮ ಕೆಲಸ ಮಾಡ್ಕೊಂಡಿರಿ. ಬೆಳಗ್ಗೆ ಮಾಡಿದ ಹಾಗೆ."

ಅವನು ಹೊರಟುಹೋದ. ಹೋಗುವಾಗ ಅವಳಿಗೆ ದಾರಿ ಬಿಟ್ಟು, ಎದುರಿನ ಕಪಾಟು ಸವರಿಕೊಂಡು ಹೋದ. ಒಳ್ಳೆಯ ಮನೆಯಲ್ಲಿ ಬೆಳೆದವನ ನಡತೆ.

ಚೀಟಿ ಅವಳ ಕೈಯಲ್ಲಿ ಉಳಿಯಿತು. ಬೇಡ ಎನ್ನಲು ಬಾಯಿ ತೆರೆದಿದ್ದಳೋ ಇಲ್ಲವೋ ನೆನಪಾಗಲಿಲ್ಲ. ಬಲಗಡೆಯ ಜೇಬಿಗೆ ಹಾಕಿಕೊಂಡಳು, ಅಕ್ಕನ ಅಡ್ಡ ಗೆರೆಯ ಹಿಂದೆ.

ಚಹಾದ ಬಿಡುವಿನಲ್ಲಿ ಮನೆಗೆ ಫೋನ್ ಮಾಡಿದಳು. ಯಾಕೆ ಮಾಡಿದೆ ಎಂದು ಗಂಟೆ ಬಾರಿಸುತ್ತಿರುವಾಗ ಯೋಚಿಸಿದಳು.

"ಮಂಗಳವಾರ ಆಸ್ಪತ್ರೆಗೆ ಹೋಗಬಹುದು," ಎಂದಳು.

"ಏನು?"

"ಮಂಗಳವಾರ. ರಜೆ ಇದೆ. ಇನ್ನು ಮೇಲೆ ಎಲ್ಲಾ ಮಂಗಳವಾರ."

ಆ ಕಡೆ ಅಕ್ಕ ಮೂಗು ಎಳೆದುಕೊಂಡ ಸದ್ದು. ಸೂಜಿ ತಪ್ಪಿದ್ದೇ ಒಳ್ಳೆಯದಾಯಿತು ಎಂದವಳು ಅಳುತ್ತಿದ್ದಳು.

"ನಿಮ್ಮ ಯೂನಿಯನ್ ಗೆದ್ದುಬಿಡ್ತಾ ಹಾಗಾದರೆ? ಬರೀ ನಿಂತ್ಕೊಂಡೇ?"

"ಹೂಂ... ಹಾಗೇ ಅಂದ್ಕೊ."

"ನೋಡಿದೆಯಾ! ನಾನು ಬೆಳಗ್ಗೆ ತಮಾಷೆ ಮಾಡಿದೆ, ತಪ್ಪಾಯ್ತು ಕಣೆ. ಆ ಕಾಲು ಬಾತುಕೊಳ್ಳುತ್ತೆ ಅಂತಿದ್ದೆಯಲ್ಲ, ಆಕೆಗೆ ಕುರ್ಚಿ ಸಿಕ್ತಾ?"

"ಗೊತ್ತಿಲ್ಲ."

"ಗೊತ್ತಿಲ್ಲ ಅಂದರೆ? ಪಕ್ಕದಲ್ಲೇ ಇರ್ತಾಳೆ ಅಂತಿದ್ದೆ."

"ಬಿಡುವು ಮುಗೀತು. ಇಡ್ತೀನಿ."

"ಕೇಳು ಅವಳನ್ನ. ನಾನು ಕೇಳಿದೆ ಅಂತ ಹೇಳು."

ಫೋನ್ ಇಟ್ಟಳು. ಫೋನಿನ ಪಕ್ಕ ಯಾರೋ ಕುಡಿದಿಟ್ಟ ನಾಲ್ಕು ಲೋಟಗಳಿದ್ದವು. ಅವು ಮೇಜಿನ ಅಂಚಿಗೆ ಬಂದು ಒಂದೇ ಗೆರೆಯಲ್ಲಿ ನಿಂತಿರುವುದನ್ನು ನೋಡಿ ಕೈ ಹಿಂದಕ್ಕೆ ತೆಗೆದಳು.

*

ಐದಕ್ಕೆ ಐದು ನಿಮಿಷವಿರುವಾಗ ಅವಳು ಒಂದನೇ ಕೌಂಟರಿನ ಬಳಿ ಹೋಗಿ ನಿಂತಳು. ಹೋಗಬೇಕೆಂದು ತೀರ್ಮಾನ ಮಾಡಿದ ನೆನಪಿಲ್ಲ. ಕಾಲು ಆ ಕಡೆ ನಡೆದಿತ್ತು. ಕೈಯನ್ನು ದೂರುವವರು ಕಾಲನ್ನು ಹೊಗಳಬೇಕೇನೋ.

ಐದನೇ ಲೈನಿನ ತುದಿಯಲ್ಲಿ, ಕೌಂಟರಿಗೆ ಮುಖ ಮಾಡಿ, ಹಾಲಿನ ಪುಡಿಯ ಡಬ್ಬಗಳ ಒಂದು ಕಪಾಟಿತ್ತು. ಅದಕ್ಕೂ ಕೌಂಟರಿಗೂ ನಡುವೆ ಒಬ್ಬರು ನಿಲ್ಲುವಷ್ಟು ಜಾಗ. ಅವಳು ಅಲ್ಲಿ ನಿಂತಳು. ಬಲಗೈಯನ್ನು ಜೇಬಿನಲ್ಲಿ ಹಾಕಿಕೊಂಡಳು. ಬೆರಳುಗಳು ಚೀಟಿಯನ್ನು ಮುಟ್ಟಿದವು, ಮುಷ್ಟಿಯೊಳಗೆ ಹಿಡಿದುಕೊಂಡವು.

ಒಂದನೇ ನಂಬರ್ ಕ್ರೇಟನ್ನು ಕಾಲಿನಿಂದ ಹೊರಗೆ ತಳ್ಳಿದಳು. "ಕೂತ್ಕೊಳ್ತೀರಾ?"

"ಬೇಡ."

"ಸರಿ, ಕೈ ಕೊಡಿ."

ಅವಳು ಎಡಗೈ ಕೊಟ್ಟಳು.

"ಆ ಕೈ?"

"ಅದು ಜೇಬಲ್ಲೇ ಇರಲಿ. ಅಲ್ಲಾದರೆ ಆಡಲ್ಲ."

"ಜಾಣೆ," ಎಂದಳು ಒಂದನೇ ನಂಬರ್. ಎಡಗೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡಳು. "ಅಯ್ಯೋ, ಎಷ್ಟು ತಣ್ಣಗಿದೆ! ಸ್ವೆಟರಣ್ಣನ ಗೋದಾಮಲ್ಲಿ ಇಟ್ಟಿದ್ರಾ ಇದನ್ನ?"

"ನಮ್ಮಕ್ಕ ಕೇಳಿದಳು ನಿಮ್ಮನ್ನ. ಕುರ್ಚಿ ಬಂತಾ ಅಂತ."

"ನನ್ನನ್ನ ಕೇಳಿದರಾ?" ಒಂದನೇ ನಂಬರಿನ ಮುಖ ಅರಳಿತು. "ನೋಡದೇ ಇರೋರು ಕೇಳ್ತಾರೆ ನೋಡಿ. ಬಂದರೆ ಮೊದಲು ಅವರನ್ನೇ ಕರ್ಕೊಂಡು ಬಂದು ಕೂರಿಸಿ ಅದರಲ್ಲಿ."

ಐದಾಗುತ್ತಲೇ ಅವಳು ತನ್ನ ಕೌಂಟರಿನ ದೀಪ ಆರಿಸಿದಳು. ಮತ್ತೆ ಎಡಗೈ ಹಿಡಿದುಕೊಂಡಳು.

ಸದ್ದೆಲ್ಲ ನಿಂತಿತು. ಮೇಲೆ ಪರದೆ ಸರಿಯಿತು. ಈ ಸಲ ಕಂಪನಿಯವರು ಹೆಚ್ಚು ಹೊತ್ತು ಹುಡುಕಲಿಲ್ಲ. ಎಲ್ಲರೂ ನೇರ ಒಂದನೇ ಕೌಂಟರಿನ ಕಡೆ ನೋಡಿದರು. ಮ್ಯಾನೇಜರ್ ಹಣೆಯನ್ನು ಗಾಜಿಗೆ ಒತ್ತಿ ನಿಂತಿದ್ದ. ಅವನು ಕಾಯುತ್ತಿದ್ದ. ಸ್ವೆಟರಣ್ಣನೂ ಕಾಯುತ್ತಿದ್ದ. ಕೆಳಗಿನಿಂದ ನೋಡಿದರೆ ಇಬ್ಬರೂ ಒಂದೇ ಥರ ಕಾಣುತ್ತಿದ್ದರು.

ಒಂದು ನಿಮಿಷ ಕಳೆಯಿತು. ಎರಡು.

ಸಾಲಿನಲ್ಲಿ ಕಾಯುತ್ತಿದ್ದ ಒಬ್ಬ ಹೆಂಗಸು ಏನೋ ನೆನಪಾದವಳಂತೆ ಕೈ ಚಾಚಿ, ಲೈಬ್ರರಿಯಮ್ಮನ ಭುಜದ ಪಕ್ಕದಿಂದ ಒಂದು ಹಾಲಿನ ಪುಡಿಯ ಡಬ್ಬ ತೆಗೆದುಕೊಂಡಳು. "ಕ್ಷಮಿಸಿ," ಎಂದಳು, ಪಿಸುಮಾತಿನಲ್ಲಿ. ಆಸ್ಪತ್ರೆಯಲ್ಲೋ ಸಾವಿನ ಮನೆಯಲ್ಲೋ ಮಾತಾಡುವ ಹಾಗೆ.

ತೂತು ಬಿತ್ತು.

ಅವಳು ಅತ್ತ ನೋಡಬಾರದೆಂದು ಒಂದನೇ ನಂಬರಿನ ಮುಖ ನೋಡಿದಳು. ಅದು ಬರೀ ಬೂದು ಬಣ್ಣವಾಗಿ ಕಂಡಿತು. ಅಕ್ಕ ನೋಡುವಂತೆ ಅವಳ ಕಿವಿ ನೋಡಿದಳು. ಆಗ ಕಣ್ಣಿನ ಅಂಚಿಗೆ ಮುಖವೂ ಬಂತು, ಅದರಾಚೆ ತೂತೂ ಬಂತು. ಎಡಗೈಯನ್ನು ಯಾರೋ ಬಿಗಿಯಾಗಿ ಒತ್ತುತ್ತಿದ್ದರು. ಒತ್ತುತ್ತಿದ್ದಾರೆ ಎಂದು ಗೊತ್ತು. ಒತ್ತಿದ್ದು ತಿಳಿಯುತ್ತಿರಲಿಲ್ಲ. ಜೋಮು ಬೆರಳಿನಿಂದ ಹತ್ತಿ ಮೊಣಕೈಗೆ ಬಂದಿತ್ತು.

"ಇನ್ನು ಸ್ವಲ್ಪ ಹೊತ್ತು," ಎಂದಳು ಒಂದನೇ ನಂಬರ್, ತುಟಿ ಅಲ್ಲಾಡಿಸದೆ. "ಆಗ್ತಾ ಇದೆ. ನೋಡಿ, ಆಗ್ತಾ ಇದೆ."

ಹೌದು, ಎಂದುಕೊಂಡಳು ಅವಳು. ಆಗುತ್ತಿದೆ.

ಬಲಗೈ ಜೇಬಿನಲ್ಲಿರಲಿಲ್ಲ.

ಅದು ಕಪಾಟಿನ ತೂತಿನೊಳಗಿತ್ತು. ಮುಷ್ಟಿಯಲ್ಲಿ ಚೀಟಿ ಹಾಗೇ ಇತ್ತು. ಹಿಂದಿನ ಡಬ್ಬಕ್ಕಾಗಿ ಬೆರಳಿನ ಗೆಣ್ಣುಗಳು ತಡಕಾಡಿದವು, ಡಬ್ಬ ಸಿಗಲಿಲ್ಲ. ಇನ್ನೂ ಒಳಗೆ ಹೋದವು. ಧೂಳು ಸಿಕ್ಕಿತು. ಇನ್ನೂ ಒಳಗೆ. ಕೊನೆಗೆ ತಣ್ಣನೆಯ ಹಲಗೆ ಸಿಕ್ಕಿತು, ಕೈ ಅಲ್ಲಿ ನಿಂತಿತು. ಎಳೆಯಲು ಅಲ್ಲಿ ಏನೂ ಇರಲಿಲ್ಲ.

ಒಂದನೇ ನಂಬರ್ ಕಣ್ಣು ಮುಚ್ಚಿಕೊಂಡು ಎಡಗೈಯನ್ನು ಹಿಡಿದೇ ಇದ್ದಳು. ಮೇಲೆ ಗಾಜಿನ ಹಿಂದೆ ಮ್ಯಾನೇಜರೂ ಸ್ವೆಟರಣ್ಣನೂ ಒಟ್ಟಿಗೆ ಮುಂದಕ್ಕೆ ಬಾಗಿದರು. ಅಲ್ಲಿಂದ ಅವರಿಗೆ ಏನು ಕಾಣುತ್ತಿತ್ತೋ. ಡಬ್ಬಗಳ ಸಾಲು ಅಂಚಿನಲ್ಲಿ ನೇರವಾಗಿತ್ತು, ಮುಖಗಳೆಲ್ಲ ಎದುರಿಗಿದ್ದವು, ನಡುವಿನ ಆ ಒಂದು ತೂತನ್ನು ಹಸಿರು ತೋಳು ಭುಜದವರೆಗೆ ತುಂಬಿತ್ತು.